ಯಡೂರಿನ ಹೊಳೆ, ಬೆಂಗಳೂರಿನ ಗೂಳಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಯಡೂರಿಗೆ ಬರುವ ಯಾತ್ರಿಕರೆಲ್ಲರೂ ಸಾಮಾನ್ಯವಾಗಿ ವೀರಭದ್ರದೇವರ ದರ್ಶನಾರ್ಥಿಗಳು. ಕೃಷ್ಣೆಯಲ್ಲಿ ಮಿಂದು, ಗುಡಿಗೆ ನಡೆದು, ಕಾಯಿ ಒಡೆಸಿ ಹಿಂದಿರುಗುತ್ತಾರೆ. ಊರಿನ ಸುತ್ತ ಕಬ್ಬಿನ ಹಸಿರು. ಹೊಳೆಗೆ ಅಡ್ಡಲಾಗಿ ಕಲ್ಲೋಳದ ಕಡೆಗೆ ಚಾಚಿದ ತಗ್ಗಾದ ಸೇತುವೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜಡಿದು ಹೊಳೆ ಏರಿತೆಂದರೆ ಆ ಸೇತುವೆ ಕಣ್ಣಿಗೆ ಬೀಳದು. 2005ರಲ್ಲಿಯೂ 2019ರಲ್ಲಿಯೂ ಮಹಾಪೂರವು ಈ ದಂಡೆಯ ಹಳ್ಳಿಗಳನ್ನು ನುಗ್ಗಿ ನೋಯಿಸಿತು. ನೀರು ಇಳಿದ ಮೇಲೆ ಜನ ಮರಳಿ ಬಂದರು. ರಾಡಿ ಬಳಿದರು, ಒಲೆ ಹೂಡಿದರು, ಕಬ್ಬು ನೆಟ್ಟರು. ಇದ್ದುದನ್ನು ಕಳೆದುಕೊಂಡು ಮತ್ತೆ ಕಟ್ಟುವುದು ಇಲ್ಲಿ ಹೊಸ ಮಾತಲ್ಲ.

ಈ ನೆಲ 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕೊಲ್ಲಾಪುರ, ಮೀರಜ್, ಸಾಂಗಲಿಗಳು ನೆರೆಮನೆಯಂತೆ ಹತ್ತಿರ. ರಾಜಧಾನಿ ಬೆಂಗಳೂರು ರಾತ್ರಿಯಿಡೀ ಪಯಣಿಸಬೇಕಾದ ದೂರದಲ್ಲಿದೆ. ಕುಸ್ತಿಯ ಗರಡಿ, ಹುತುತು ಎಂಬ ಹೆಸರಿನ ಕಬಡ್ಡಿ, ಇವೆರಡೂ ಗಡಿಯ ಎರಡು ಮಗ್ಗುಲಿಗೂ ಸಮಾನ ಸೊತ್ತು. ಹೀಗಿರಲು, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಈ ಸೀಮೆಯ ಕನ್ನಡಿಗ ಪ್ರೇಕ್ಷಕನ ಮುಂದೆ ಒಂದು ಪ್ರಶ್ನೆ ನಿಂತಿತು. ಪುಣೆಯ ತಂಡ ಹತ್ತಿರದ್ದು, ಮುಂಬಯಿಯದು ಪರಿಚಿತ. ಬೆಂಗಳೂರು ಬುಲ್ಸ್ ದೂರದ್ದು, ಆದರೆ ತನ್ನದು. ತನ್ನದನ್ನೇ ಆಯ್ದುಕೊಂಡವನಿಗೆ ಸುಖಕ್ಕಿಂತ ತಾಳ್ಮೆಯೇ ಹೆಚ್ಚು ಬೇಕಾಯಿತು.

2015ರಲ್ಲಿ ತಂಡ ಅಂತಿಮ ಪಂದ್ಯ ಮುಟ್ಟಿ, ಮುಂಬಯಿಯ ಎದುರು ಸೋತಿತು. 2017ರಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು. ಕೊನೆಗೆ 2019ರ ಜನವರಿ 5ರಂದು ಮುಂಬಯಿಯಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ದೋಚಿದಾಗ, ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಕಪ್ ಗೆದ್ದಿತು. ಆದರೆ ಹರಾಜಿನ ಆಟದಲ್ಲಿ ವೀರನೂ ಸ್ಥಿರನಲ್ಲ. 2022ರಲ್ಲಿ ಅದೇ ಪವನ್ 2 ಕೋಟಿ 26 ಲಕ್ಷ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದನು. ಗೋಡೆಗೆ ಚಿತ್ರ ಅಂಟಿಸಿದ್ದ ಹುಡುಗ ಏನು ಮಾಡಬೇಕು? ಚಿತ್ರ ಕಿತ್ತರೆ ಗೋಡೆಯ ಸುಣ್ಣವೂ ಕಿತ್ತುಬರುತ್ತದೆ. ಬಿಟ್ಟರೆ ಎದುರಾಳಿಯ ಮುಖ ಮನೆಯಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ಕಠಿಣವಾದುದು 2024ರ ಋತು. ಪರ್ದೀಪ್ ನರ್ವಾಲ್‌ನಂಥ ಹೆಸರಾಂತ ದಾಳಿಗಾರನಿದ್ದೂ ಇಡೀ ಲೀಗಿನಲ್ಲಿ ತಂಡಕ್ಕೆ ದಕ್ಕಿದ್ದು ಎರಡೇ ಗೆಲುವು; ಹನ್ನೆರಡು ತಂಡಗಳಲ್ಲಿ ಕಡೆಯ ಸ್ಥಾನ. ಗೆದ್ದಾಗ ಜೈಕಾರ ಹಾಕುವವರಿಗೆ ಲೆಕ್ಕವಿಲ್ಲ. ಸೋಲಿನ ಮೇಲೆ ಸೋಲು ಬರುತ್ತಿರುವಾಗ, ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಕುಳಿತವನನ್ನು ಮನೆಯವರು "ಇನ್ನೂ ನೋಡ್ತೀಯೇನು?" ಎಂದು ಕೇಳಿದರೆ ಅದಕ್ಕೆ ನ್ಯಾಯವಾದ ಉತ್ತರವಿಲ್ಲ. ನೋಡುತ್ತಾನೆ, ಅಷ್ಟೆ.

ತಂಡದವರು ಮುಂದಿನ ಋತುವಿಗೆ ಬುಡದಿಂದಲೇ ಕೆಲಸ ಹಿಡಿದರು. ಮೊದಲಿನಿಂದ ತರಬೇತುದಾರರಾಗಿದ್ದ ರಣಧೀರ್ ಸಿಂಗ್ ಅವರ ಸ್ಥಾನಕ್ಕೆ 2025ರಲ್ಲಿ ಕನ್ನಡಿಗರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ. ಸಿ. ರಮೇಶ್ ಬಂದರು. 2019ರಲ್ಲಿ ಬಂಗಾಳಕ್ಕೂ 2024ರಲ್ಲಿ ಪುಣೆಗೂ ಕಪ್ ಗೆಲ್ಲಿಸಿಕೊಟ್ಟಿದ್ದವರು ಅವರು. ನೆರೆಯವರ ಮನೆಯಲ್ಲಿ ದೀಪ ಹಚ್ಚಿದವರು ಸ್ವಂತ ಮನೆಗೆ ಮರಳಿದಂತಾಯಿತು. ಮೊದಲ ಪಂದ್ಯದಲ್ಲಿಯೇ ಪುಣೆಯೊಡನೆ ಸಮಬಲವಾಗಿ, ಟೈ ಬ್ರೇಕರಿನಲ್ಲಿ ಸೋಲು. ಆದರೂ ಹೊಸ ತಂಡ ಕುಗ್ಗಲಿಲ್ಲ. ಇರಾನಿನ ಅಲಿರೆಜಾ ಮಿರ್ಜಾಯಿಯನ್ ದಾಳಿಯ ಭಾರ ಹೊತ್ತನು. ತಂಡ ಪ್ಲೇ ಆಫ್ ಹಂತಕ್ಕೆ ಏರಿತು. ಕಪ್ಪು ಮಾತ್ರ ದೆಹಲಿಯ ಪಾಲಾಯಿತು.

ಕಬಡ್ಡಿಯ ನಿಯಮದಲ್ಲಿಯೇ ಇದಕ್ಕೊಂದು ಸಮಾಧಾನ ಅಡಗಿದೆ. ಹೊರಬಿದ್ದ ಆಟಗಾರ ಹೊರಗೇ ಉಳಿಯಬೇಕಿಲ್ಲ. ತನ್ನವರು ಎದುರಾಳಿಯೊಬ್ಬನನ್ನು ಹೊರಗಟ್ಟಿದರೆ ಅವನು ಒಳಕ್ಕೆ ಬರುತ್ತಾನೆ. ಏಳು ಮಂದಿಯೂ ಔಟಾದರೆ ಎದುರಾಳಿಗೆ ಎರಡು ಹೆಚ್ಚುವರಿ ಅಂಕ. ಆದರೆ ಆ ದಂಡ ತೆತ್ತೊಡನೆ ಏಳೂ ಮಂದಿ ಮತ್ತೆ ಅಂಗಳಕ್ಕೆ ಇಳಿಯುತ್ತಾರೆ. ಅಂಗಳದಲ್ಲಿ ಮೂವರೇ ಉಳಿದಾಗ ಹಿಡಿದ ಹಿಡಿತಕ್ಕೆ ಒಂದು ಅಂಕ ಹೆಚ್ಚು. ಬರಿದಾದುದು ತುಂಬುವುದನ್ನು ಈ ಆಟ ಪವಾಡವೆಂದು ಎಣಿಸಿಲ್ಲ, ಲೆಕ್ಕದಲ್ಲಿಯೇ ಸೇರಿಸಿಕೊಂಡಿದೆ.

ಅಭಿಮಾನಿಯ ಪಾಲಿಗೆ ಮಾತ್ರ ದಂಡದ ಲೆಕ್ಕ ಬೇರೆ. ಆಟಗಾರ ಬೇರೆ ತಂಡಕ್ಕೆ ಹೋದಾನು, ತರಬೇತುದಾರ ಬದಲಾದಾನು. ಸೋತ ವರ್ಷಗಳನ್ನು ಹಂಚಿಕೊಂಡು ಉಳಿಯುವವನು ಅವನೊಬ್ಬನೇ. ಗಡಿಯ ಹಳ್ಳಿಯಲ್ಲಿ ಕುಳಿತು ದೂರದ ಬೆಂಗಳೂರನ್ನು ನಮ್ಮ ತಂಡ ಎನ್ನುವ ಹಕ್ಕು ಆತನಿಗೆ ಕಪ್ಪಿನಿಂದ ಬಂದುದಲ್ಲ. ಎರಡೇ ಗೆಲುವು ಕಂಡ ಆ ವರ್ಷದಲ್ಲಿ ಕೊನೆಯ ಪಂದ್ಯದವರೆಗೂ ಏಳದೆ ಕುಳಿತು ಗಳಿಸಿಕೊಂಡದ್ದು.