ಹೊಗೆಗೊಂದು ದಾರಿ

ಫೈರ್‌ಪ್ಲೇಸ್ ಅಂದ್ರೆ ನಿಮಗೆ ರೆಸಾರ್ಟ್ ನೆನಪಾಗಬಹುದು. ನಮ್ಮ ಬ್ಯಾಡಗಿ ಕಡೆ ಮನೆಯೊಳಗಿನ ಬೆಂಕಿ ಅಂದ್ರೆ ಕಟ್ಟಿಗೆ ಒಲೆ. ಗ್ಯಾಸ್ ಬಂದರೂ ಅವ್ವ ಅದನ್ನು ಬಿಡಲಿಲ್ಲ, ಕೆಮ್ಮು ಅವ್ವನನ್ನು ಬಿಡಲಿಲ್ಲ. ಹಾವೇರಿಯ ಡಾಕ್ಟರು ಔಷಧ ಬರೆದುಕೊಟ್ಟು, “ಮೊದಲು ಹೊಗೆ ತಪ್ಪಿಸ್ರಿ” ಅಂದರು.

ಅಸ್ತ್ರ ಒಲೆ ಹಾಕಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡದ ಕೂಸು ಅದು: ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ.

ಒಲೆ ಕೂರಿಸೋದು ಅರ್ಧ ದಿನದ ಕೆಲಸ. ಕಷ್ಟ ಇರೋದು ಮಾಳಿಗೆಯಲ್ಲಿ. ರಾಣೆಬೆನ್ನೂರಿನಿಂದ ತಂದ ಕೊಳವೆಯನ್ನು ಗೌಂಡಿ ಜಂತಿಗೆ ತಾಗಿಸಿಯೇ ಏರಿಸಲು ಹೊರಟಿದ್ದ. “ಬ್ಯಾಡ್ರೀ, ಅಜ್ಜನ ಕಾಲದ ಕಟ್ಟಿಗಿ, ಒಣಗಿ ಕುಂತೈತಿ” ಅಂದೆ. ಎರಡು ಜಂತಿಗಳ ನಟ್ಟನಡುವೆ ತೂತು, ಸುತ್ತ ತಗಡಿನ ಕವಚ, ಮಳೆಗೆ ತುದಿಯಲ್ಲೊಂದು ಟೊಪ್ಪಿಗೆ. ಆಮೇಲೆ ಮಣ್ಣು-ಸಗಣಿ ಮೆತ್ತಿ ಒಣಗಲು ಬಿಟ್ಟೆವು. ಹಸಿಯಲ್ಲೇ ಜೋರು ಉರಿ ಹಾಕಿದರೆ ಬಿರುಕು. ಬಿರುಕು ಬಿಟ್ಟರೆ ಹೊಗೆ ಮತ್ತೆ ಅಡುಗೆಮನೆಗೇ. ಕೊಳವೆಯ ಮಸಿಯನ್ನೂ ಆಗಾಗ ತೆಗೀತಿರಬೇಕು.

ಅವ್ವನ ತಕರಾರು ಬೇರೆ. “ಬೆಂಕಿನ ಮುಚ್ಚಿಟ್ರ ರೊಟ್ಟಿ ಹೆಂಗ ಉಬ್ಬತೈತೋ?” ರೊಟ್ಟಿಗೆಂದು ಹಿತ್ತಲಲ್ಲಿ ಮೂರು ಕಲ್ಲು ಹೂಡಿಕೊಂಡಿದ್ದಾಳೆ. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.