ಒಂದೇ ಅಡುಗೆಮನೆಯಲ್ಲಿ ಸಿರಿಯಾ, ಕೊರಿಯಾ

ಬರ್ಲಿನ್ನಿನ ನೊಯ್ಕೊಲ್ನ್‌ನಲ್ಲಿರುವ ಜೊನ್ನೆನಲೆ ರಸ್ತೆಯನ್ನು ಜನ ಅರಬರ ಬೀದಿ ಎನ್ನುತ್ತಾರೆ. ಅಲ್ಲಿ ಮೊದಲು ಬೇರೂರಿದವರು 1975ರಲ್ಲಿ ಶುರುವಾದ ಲೆಬನಾನಿನ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಲೆಬನಾನಿಗರು, ಪ್ಯಾಲೆಸ್ಟೀನಿಯರು. 2015ರ ನಂತರ ಸಿರಿಯಾದವರು ಬಂದು ನೆಲೆಸಿದಂತೆ ಬೀದಿಯ ರುಚಿಯೇ ಬದಲಾದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಜರ್ಮನಿಯೊಂದಿಗೆ ಕೊರಿಯನ್ನರ ನಂಟು ಇನ್ನೂ ಹಳೆಯದು. 1963ರ ಒಪ್ಪಂದದಂತೆ ಸುಮಾರು 8,000 ಗಂಡಸರು ಪಶ್ಚಿಮ ಜರ್ಮನಿಯ ಗಣಿಗಳಿಗೆ ಇಳಿದರು. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ನರ್ಸುಗಳಾಗಿ ಬಂದರು. ತೈಲ ಬಿಕ್ಕಟ್ಟಿನ ಬಳಿಕ ವಾಪಸ್ ಕಳಿಸುವ ಮಾತು ಎದ್ದಾಗ ಆ ನರ್ಸುಗಳು ಸಹಿ ಸಂಗ್ರಹಿಸಿ, ಹೋರಾಡಿ ಉಳಿದುಕೊಂಡರು. ಇವರೆಲ್ಲ ಜರ್ಮನಿಗೆ ದುಡಿಯಲು, ಬದುಕಲು ಬಂದವರು. ಆದ್ದರಿಂದ ಸಣ್ಣ ಹೋಟೆಲಿನ ಒಂದೇ ಬೋರ್ಡಿನಲ್ಲಿ ಫಲಾಫೆಲ್ ಮತ್ತು ಕೊರಿಯಾದ ಅನ್ನದ ಸುರುಳಿ ಕಿಂಬಾಪ್ ಕಂಡಾಗ ಅದನ್ನು ಹೊಸ ಕಾಲದ ಷೋಕಿ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಒಳಗಿನ ಕೆಲಸ ನೋಡಿದರೆ ಕಾರಣ ತಿಳಿಯುತ್ತದೆ. ಸಿರಿಯಾದವರು ಎಳ್ಳನ್ನು ಅರೆದು ತಹೀನಿ ಮಾಡುತ್ತಾರೆ, ಕೊರಿಯನ್ನರು ಹುರಿದು ಎಣ್ಣೆ ತೆಗೆಯುತ್ತಾರೆ. ಒಬ್ಬರಿಗೆ ಬೀಟ್‌ರೂಟಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಟರ್ನಿಪ್ ಉಪ್ಪಿನಕಾಯಿ ಬೇಕು, ಇನ್ನೊಬ್ಬರಿಗೆ ಹಳದಿ ಮೂಲಂಗಿ ಮತ್ತು ಕಿಮ್ಚಿ. ಸಿರಿಯಾದ ಮೆಝ್ಝೆಯಾಗಲಿ ಕೊರಿಯಾದ ಬಂಚನ್ ಆಗಲಿ, ಹತ್ತಾರು ಪುಟ್ಟ ತಟ್ಟೆಗಳನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ಉಣ್ಣುವ ಕ್ರಮ. ಅಲೆಪ್ಪೊ ಮೆಣಸಿನಕಾಯಿಗೂ ಕೊರಿಯಾದ ಕೆಂಪು ಪುಡಿಗೂ ಖಾರಕ್ಕಿಂತ ಬಣ್ಣ ಮುಖ್ಯ, ನಮ್ಮ ಬ್ಯಾಡಗಿಯಂತೆ. ಫಲಾಫೆಲ್‌ಗೆ ನೆನೆಸಿದ ಹಸಿ ಕಡಲೆಯನ್ನು ರುಬ್ಬಿ ಉಂಡೆ ಕಟ್ಟಿ ಕರಿಯುವವರೂ ಕೋಳಿಯನ್ನು ಎರಡು ಸಲ ಕರಿಯುವವರೂ ಎಣ್ಣೆಯ ಹದದ ಮೇಲೇ ಕಣ್ಣಿಟ್ಟಿರುತ್ತಾರೆ. ಆದರೆ ಬಾಣಲೆ ಎರಡು ಬೇಕು: ಕೋಳಿ ಕರಿದ ಎಣ್ಣೆಗೆ ಫಲಾಫೆಲ್ ಬಿಟ್ಟರೆ ಸಸ್ಯಾಹಾರಿ ಗಿರಾಕಿಗೆ ಮೋಸವಾಗುತ್ತದೆ. ಈ ಎರಡನೇ ಬಾಣಲೆಗೆ ಜಾಗ ಬಿಟ್ಟುಕೊಟ್ಟ ಹೋಟೆಲನ್ನು ನಾನು ನಂಬುತ್ತೇನೆ.

ಎರಡು ಅಡುಗೆ ಸೇರಿಸಿದರೆ ಎರಡೂ ಕೆಡುತ್ತವೆ ಎನ್ನುವವರಿದ್ದಾರೆ. ಕೊರಿಯನ್ ಖಾರವನ್ನು ಹಮ್ಮಸ್ಸಿಗೆ ಕಲಸಿ ಹೊಸ ಹೆಸರಿಟ್ಟು ಮಾರುವ ಕಡೆ ಆ ಮಾತು ನಿಜವೇ. ಬೇರೆಬೇರೆ ಕೈಗಳು ತಮ್ಮ ತಮ್ಮ ಅಡುಗೆಯನ್ನೇ ಮಾಡುವಲ್ಲಿ ಅದು ಸಲ್ಲದು. ಇದೆಲ್ಲ ಬಾಡಿಗೆಯ ಲೆಕ್ಕಾಚಾರವಷ್ಟೇ ಎಂಬ ಇನ್ನೊಂದು ಆಕ್ಷೇಪವಿದೆ. ಲೆಕ್ಕಾಚಾರ ಇದೆ, ಇರಲೇಬೇಕು. 2015ರಲ್ಲಿ ಗಂಟೆಗೆ 8.50 ಯೂರೋ ಇದ್ದ ಕನಿಷ್ಠ ಕೂಲಿ 2025ಕ್ಕೆ 12.82 ಆಯಿತು. ಕೂಲಿ ಏರಿದ್ದು ನ್ಯಾಯವೇ. ಕೋವಿಡ್ ಕಾಲದಲ್ಲಿ ಶೇ. 7ಕ್ಕೆ ಇಳಿದಿದ್ದ ಹೋಟೆಲ್ ಊಟದ ತೆರಿಗೆ 2024ರ ಜನವರಿಯಲ್ಲಿ ಮತ್ತೆ ಶೇ. 19 ಆಗಿ, 2025ರ ಕೊನೆಯವರೆಗೂ ಹಾಗೇ ಇತ್ತು. ಒಂದು ಬಾಡಿಗೆಯನ್ನು ಇಬ್ಬರು ಹಂಚಿಕೊಂಡು ಬಾಗಿಲು ತೆರೆದಿಟ್ಟರೆ ಅಡುಗೆಯ ಮರ್ಯಾದೆ ಎಲ್ಲಿ ಕಡಿಮೆಯಾಯಿತು?

ಉತ್ತರಿಸಲು ಕಷ್ಟವಾಗುವುದು ಹಲಾಲ್ ಪ್ರಶ್ನೆ. ಕೊರಿಯಾದ ಬುಲ್ಗೋಗಿ ಸಾಮಾನ್ಯವಾಗಿ ದನದ ಮಾಂಸದ್ದು, ಅನ್ನದ ಬಿಬಿಂಬಾಪ್ ತರಕಾರಿಯಲ್ಲೇ ನಡೆಯುತ್ತದೆ. ಹಲಾಲ್ ಅಡುಗೆಮನೆಯಲ್ಲಿ ಎರಡಕ್ಕೂ ತೊಂದರೆಯಿಲ್ಲ. ಆದರೆ ಕೊರಿಯನ್ನರು ಮೇಜಿನ ಮೇಲೇ ಸುಟ್ಟು ತಿನ್ನುವ ಹಂದಿಮಾಂಸ, ಜೊತೆಗಿನ ಸೋಜು ಮದ್ಯ ಎರಡೂ ಇಲ್ಲಿ ಬಿಟ್ಟುಹೋಗುತ್ತವೆ. ಇದು ನಷ್ಟವೇ, ಮತ್ತು ಅದನ್ನು ಹೊರುತ್ತಿರುವವರು ಕೊರಿಯನ್ನರು ಮಾತ್ರ. ಆ ರುಚಿ ಬೇಕೆನ್ನುವವರು ಊರಿನ ಪಶ್ಚಿಮಕ್ಕೆ, ಏಷ್ಯಾದ ಹೋಟೆಲುಗಳು ಸಾಲಾಗಿರುವ ಕಾಂಟ್‌ಸ್ಟ್ರಾಸೆ ಕಡೆಗೆ ಹೋಗಬಹುದು.