ದುರ್ಗದ ಸೀಮೆಯ ದಾರಿಯೂ ಪ್ರಯಾಣದ ವಿಮೆಯೂ

ಚಿತ್ರದುರ್ಗದ ಏಳು ಸುತ್ತಿನ ಕೋಟೆ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಜಲಾಶಯ, ಹೊಳಲ್ಕೆರೆಯ ಬಯಲು ಗಣಪತಿ, ಇವನ್ನು ನೋಡಹೊರಡುವ ಗೃಹಸ್ಥರು ಬುತ್ತಿಯನ್ನು ಮರೆಯರು. ವಿಮೆಯ ಮಾತನ್ನೆತ್ತಿದರೆ ಮಾತ್ರ ಅಪಶಕುನವೆನ್ನುವರು. ಆದರೆ 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೋಗುತ್ತಿದ್ದ ಬಸ್ಸೊಂದು ಹಿರಿಯೂರಿನ ಹತ್ತಿರ ಹೊತ್ತಿ ಉರಿದು ಐವರು ಮಡಿದರು. ಇಂಥಲ್ಲಿ ಹಿಂದೆ ಉಳಿದ ಸಂಸಾರದ ಗತಿಯೇನು?

ಅಂತರಜಾಲದಲ್ಲಿ ರೈಲು ಟಿಕೆಟು ಕೊಳ್ಳುವವರಿಗೆ 2016ರ ಸೆಪ್ಟೆಂಬರಿನಿಂದ ಒಂದು ರೂಪಾಯಿಗೂ ಕಡಿಮೆ ಹಣಕ್ಕೆ ವಿಮೆಯುಂಟು. ರೈಲಿನ ಅಪಘಾತದಲ್ಲಿ ಮರಣವಾದರೆ 10 ಲಕ್ಷ ರೂಪಾಯಿ. ಗಾಯಗೊಂಡವರ ಆಸ್ಪತ್ರೆಯ ವೆಚ್ಚಕ್ಕೆ 2 ಲಕ್ಷದವರೆಗೆ. ಹಣ ಯಾರಿಗೆ ಸಲ್ಲಬೇಕೆಂದು ಹೆಸರು ಬರೆಸುವುದಕ್ಕೆ ಪ್ರತ್ಯೇಕ ಸೂಚನೆ ಬರುತ್ತದೆ. ಅದನ್ನು ತೆರೆದು ನೋಡುವ ತಾಳ್ಮೆ ಎಷ್ಟು ಮಂದಿಗಿದೆಯೋ! ಕೌಂಟರಿನಲ್ಲಿ ಕೊಂಡ ಟಿಕೆಟಿಗೆ ಈ ಸೌಕರ್ಯವಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ಹೊಸದುರ್ಗ ರೋಡ್ ಎಂಬ ನಿಲ್ದಾಣದಲ್ಲಿ ಇಳಿದ ಮಾತ್ರಕ್ಕೆ ಹೊಸದುರ್ಗವನ್ನು ಸೇರಿದಂತಾಗಲಿಲ್ಲ. ಊರು ಅಲ್ಲಿಂದ ಬಹು ದೂರ. ರೈಲಿನ ವಿಮೆಯಾದರೋ ಇಳಿದಲ್ಲಿಗೇ ಮುಗಿಯಿತು! ಮುಂದಿನ ದಾರಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಿದವರಿಗೆ ಅದರ ಅಪಘಾತ ಪರಿಹಾರ ನಿಧಿಯಿದೆ. ಮೃತರ ಕುಟುಂಬಕ್ಕೆ ಕೊಡುವ ಹಣವನ್ನು 2024ರ ಜನವರಿ 1ರಿಂದ 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದರು. ಆಟೋ, ಬಾಡಿಗೆ ಕಾರುಗಳನ್ನು ನಂಬಿ ಹೋಗುವವರು ವರ್ಷಾವಧಿಯ ಅಪಘಾತ ವಿಮೆಯೊಂದನ್ನು ಮಾಡಿಸಿಕೊಳ್ಳುವುದು ಲೇಸೆಂದು ನಮ್ಮ ಮತ. ಬ್ಯಾಂಕಿನ ಮೂಲಕ ದೊರೆಯುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 2022ರ ಜೂನಿನಲ್ಲಿ ವರ್ಷಕ್ಕೆ 20 ರೂಪಾಯಿ ಗೊತ್ತುಮಾಡಿದರು. ಅಪಘಾತದಿಂದ ಮರಣವಾದರೆ 2 ಲಕ್ಷ ಸಲ್ಲುತ್ತದೆ. ವಿಮಾಪತ್ರ ಎಲ್ಲಿದೆಯೆಂಬುದನ್ನು ಮನೆಯಾಕೆಗೆ ತಿಳಿಸಿಯೇ ಗಾಡಿ ಹತ್ತತಕ್ಕದ್ದು.